ಬೇಳೆ ಬೇಯುವ ನೀರು

ಗಿರಿಯಮ್ಮನ ಬಗ್ಗೆ ಬರೆಯಲು ಕೂತಾಗಲೆಲ್ಲ ನಾನು ನಡುವೆ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ. ಕೂತಲ್ಲಿ ಕೂರಲು ಆಗುವುದಿಲ್ಲ. ಮಾಸ್ತರಿಕೆ ಮಾಡಿದಷ್ಟು ಕಾಲ ನಾನು ಊರಿಗೆ ಏನೇನೋ ಓದಿ ಹೇಳಿದ್ದೇನೆ. ಪಾಠ ಬಿಡಿ, ಕೋರ್ಟಿನ ನೋಟೀಸು, ಮಿಲಿಟರಿಯಲ್ಲಿದ್ದವರ ಕಾಗದ, ಬೀಗರ ಬೈಗುಳ, ಎಲ್ಲ ಓದಿದ್ದೇನೆ. ಆದರೆ ಊರಿಗೆ ಊರೇ ಬಾಯಿ ಮುಚ್ಚಿಕೊಂಡು ಕೇಳಿದ್ದು ಒಂದೇ ಸಲ. ಅದನ್ನು ನನ್ನಿಂದ ಓದಿಸಿದವಳು ಓದಲೆಂದು ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸು.

ಊರು ಬೆಂಚಿಗುಡ್ಡ. ಸಿಂಧನೂರಿನಿಂದ ಹೊರಟು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಬಸ್ಸುಗಳು ಕೈ ಮಾಡಿದರೆ ನಿಲ್ಲುವ ಸಣ್ಣ ಊರು. ಸಿಂಧನೂರಿನ ಕಡೆ ಕಾಲುವೆ ಬಂದು ಭತ್ತ ತೂಗಾಡುತ್ತಿದ್ದರೆ ನಮ್ಮ ಕಡೆ ಕಲ್ಲು, ಜೋಳ, ತೊಗರಿ ಮತ್ತು ಕುರಿ. ನಾನು ಮರಿಸ್ವಾಮಿ, ಮಸ್ಕಿಯವನು, ಆ ಊರಿನ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋಗಿ ಅಲ್ಲೇ ಮನೆ ಮಾಡಿದ್ದೆ. ಪಿಯುಸಿ ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದವನು. ಅಷ್ಟು ಇಂಗ್ಲಿಷೂ ಊರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ನಾನೇ ಅಲ್ಲಿನ ಪಂಡಿತ.

ಗಿರಿಯಮ್ಮ ಕುರುಬರ ಮನೆಯವಳು. ಗಂಡ ದ್ಯಾವಪ್ಪ, ಮಗ ಗದ್ದೆಪ್ಪ ಇಬ್ಬರೂ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಆಕೆ, ಮುಕ್ಕುಂದದಿಂದ ಬಂದ ಸೊಸೆ ಯಮನೂರಮ್ಮ ಮತ್ತು ಮೊಮ್ಮಗಳು ಮುದುಕಮ್ಮ. ಗಿರಿಯಮ್ಮನಿಗೆ ಒಂದು ಚಟ ಇತ್ತು, ಕೇಳುವ ಚಟ. ಬಸ್ಸು ಯಾಕೆ ತಡ ಆಯಿತು ಎಂದು ಕಂಡಕ್ಟರನನ್ನು ಕೇಳುವಳು. ಗೋಡೆಯ ಮೇಲೆ ಡಿಡಿಟಿ ಹೊಡೆಯಲು ಬಂದವರನ್ನು ಸೊಳ್ಳೆ ಸಾಯುತ್ತದೆ, ನಮ್ಮ ಕೋಳಿ ಯಾಕೆ ಸಾಯುವುದಿಲ್ಲ ಎಂದು ಕೇಳುವಳು. ಸಬೂಬು ಹೇಳಿ ಜಾರಿಕೊಳ್ಳಲು ನೋಡಿದರೆ ದಾರಿಗೆ ಅಡ್ಡ ನಿಂತು ಮತ್ತೆ ಮೊದಲಿನಿಂದ ಕೇಳುವಳು. ಶಾಲೆಗೆ ಬಂದು ನನ್ನ ತಲೆ ತಿಂದದ್ದಕ್ಕೆ ಲೆಕ್ಕವಿಲ್ಲ.

ಇನ್ನು ನೀರಿನ ವಿಷಯ. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಎನ್ನುತ್ತಾರೆ. ಊರಲ್ಲಿ ನಾಲ್ಕೈದು ಬೋರಿಂಗ್ ಇದ್ದವು. ಅವುಗಳಲ್ಲಿ ರಾಣಿ ಎಂದರೆ ಕಲ್ಯಾಣಮ್ಮನ ಬೋರಿಂಗ್. ರಸ್ತೆಯ ಬದಿಗೆ ಕಿರಾಣಿ ಅಂಗಡಿ ಇಟ್ಟ ಅಮರಗುಂಡಪ್ಪ ತನ್ನ ತಾಯಿ ಕಲ್ಯಾಣಮ್ಮ ತೀರಿಕೊಂಡ ಮೇಲೆ ಆಕೆಯ ಹೆಸರಿನಲ್ಲಿ ಕೊರೆಸಿದ್ದು ಅದು. ಆ ನೀರನ್ನು ಊರು ಅಮೃತ ಎನ್ನುತ್ತಿತ್ತು. ಕಾರಣ ಏನೆಂದರೆ ಅದರಲ್ಲಿ ಬೇಳೆ ಬೇಗ ಬೇಯುತ್ತಿತ್ತು. ನಮ್ಮ ಹೆಣ್ಣುಮಕ್ಕಳು ನೀರನ್ನು ನಾಲಿಗೆಯ ಮೇಲೆ ಪರೀಕ್ಷೆ ಮಾಡುವುದಿಲ್ಲ, ಒಲೆಯ ಮೇಲೆ ಮಾಡುತ್ತಾರೆ. ತೊಗರಿಬೇಳೆ ಹಾಕಿ, ನಾಲ್ಕು ಕಡ್ಡಿ ಕಟ್ಟಿಗೆಗೆ ಅದು ಬೆಣ್ಣೆಯಂತೆ ಕರಗಿದರೆ ಆ ನೀರು ಶ್ರೇಷ್ಠ. ಹೋಳಿಗೆಯ ಹೂರಣಕ್ಕೆ ಆ ನೀರೇ, ಬೀಗರು ಬಂದರೆ ಆ ನೀರೇ, ಬಾಣಂತಿಗೆ, ಹಾಲು ಬಿಟ್ಟ ಕೂಸಿಗೆ ಆ ನೀರೇ.

ಕೆಳಗಿನ ಓಣಿಯ ಬೋರಿಂಗ್ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಮಾದಿಗರ ಮನೆಗಳು, ಒಂದಿಷ್ಟು ಮುಸಲ್ಮಾನರ ಮನೆಗಳು. ಆ ನೀರಿನಲ್ಲಿ ಸೋಪು ನೊರೆ ಬಿಡುತ್ತಿರಲಿಲ್ಲ. ಹೊರೆ ಕಟ್ಟಿಗೆ ಉರಿಸಿದರೂ ಬೇಳೆ ಕಲ್ಲಿನ ಹಾಗೇ ಉಳಿಯುತ್ತಿತ್ತು. ಕೆಳಗಿನ ಓಣಿಯ ಊಟಕ್ಕೆ ಹಲ್ಲು ಗಟ್ಟಿ ಇರಬೇಕು ಎಂದು ಮೇಲಿನವರು ನಗುತ್ತಿದ್ದರು. ಅಲ್ಲಿಗೆ ಕೊಡ ಹಿಡಿದು ಮೇಲಿನ ಓಣಿಯ ಒಂದು ಹೆಣ್ಣುಮಗಳೂ ಹೋಗುತ್ತಿರಲಿಲ್ಲ. ಹೋಗದಿರುವುದಕ್ಕೆ ಬೇಳೆ ಒಂದೇ ಕಾರಣವಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಿರಿಯಮ್ಮನ ಮನೆಯಿಂದ ಕಲ್ಯಾಣಮ್ಮನ ಬೋರಿಂಗ್ ದೂರ. ಹತ್ತಿರದಲ್ಲೇ ಬೇರೊಂದು ಇದ್ದರೂ ಈಕೆ ದೂರದಿಂದಲೇ ಹೊತ್ತು ತರುತ್ತಿದ್ದಳು, ಮೊಮ್ಮಗಳಿಗೆಂದು. ತನ್ನ ತಾಯಿಯ ಹೆಸರು ಇಟ್ಟ ಹುಡುಗಿ ಅದು. ಅದರ ಮೇಲೆ ಜೀವ ಇಟ್ಟಿದ್ದಳು.

ಆ ಮುದುಕಮ್ಮ ನಡೆಯಲು ಕಲಿತ ಮೇಲೆ ಅದರ ಮೊಣಕಾಲುಗಳು ಒಂದಕ್ಕೊಂದು ತಾಗತೊಡಗಿದವು. ವರ್ಷ ಹೋದಂತೆ ಪಾದಗಳು ಎರಡು ಕಡೆಗೆ ಸರಿದು, ಓಡಲು ಹೋದರೆ ಬೀಳುವ ಹಾಗಾಯಿತು. ಊರಲ್ಲಿ ಅಂಥ ಮಕ್ಕಳು ಬೇರೆಯೂ ಇದ್ದವು. ಒಬ್ಬರು ಗ್ರಹಚಾರ ಎಂದರು, ಒಬ್ಬರು ಸೊಂಟದ ಮೇಲೆ ಕೂಡಿಸಿಕೊಂಡದ್ದು ಸರಿಯಿಲ್ಲ ಎಂದರು, ನೆರೆಯವಳೊಬ್ಬಳು ಮುಕ್ಕುಂದದ ರಕ್ತವೇ ಹಾಗೆ ಎಂದು ಯಮನೂರಮ್ಮನ ಕಣ್ಣಲ್ಲಿ ನೀರು ತರಿಸಿದಳು. ಆ ಬಾಯಿಗೆ ಗಿರಿಯಮ್ಮ ಕೊಟ್ಟ ಉತ್ತರವನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ.

ಮುದುಕಮ್ಮ ಇನ್ನೂ ಕೂಸಾಗಿದ್ದಾಗ, ಎಂಬತ್ತೇಳರ ಬೇಸಿಗೆಯಲ್ಲಿ, ಒಂದು ಜೀಪು ಬಂದಿತ್ತು. ದೂರದ ಶಹರದವರು. ಊರಿನ ಎಲ್ಲ ಬೋರಿಂಗ್‌ಗಳ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡರು. ಮಕ್ಕಳ ಬಾಯಿ ತೆರೆಸಿ ಹಲ್ಲು ನೋಡಿದರು, ಅವರ ಉಚ್ಚೆಯನ್ನೂ ಬಾಟಲಿಗೆ ಹಿಡಿದರು. ಊರಿಗೆ ಅದು ಎಷ್ಟೋ ತಿಂಗಳಿಗೆ ಆಗುವಷ್ಟು ನಗು ಕೊಟ್ಟಿತು. ನಗದೆ ಇದ್ದವಳು ಗಿರಿಯಮ್ಮ. ಜೀಪಿನ ಬಾಗಿಲು ಹಿಡಿದು, ಒಯ್ದದ್ದರಲ್ಲಿ ಏನಿದೆ ಎಂದು ಯಾವಾಗ ಹೇಳುತ್ತೀರಿ ಎಂದು ಕೇಳಿದಳು. ಹೇಳ್ತೀವಿ ಅಮ್ಮಾ ಎಂದು ಅವರು ಹೋದರು. ಹೋದವರು ಹೋದರೇ.

ತೊಂಬತ್ತೊಂದರಲ್ಲಿ ಯಮನೂರಮ್ಮ ಮತ್ತೆ ಬಸುರಾದಳು. ಮನೆಯಲ್ಲಿ ಸಂತೋಷ ಪಡುವ ಧೈರ್ಯ ಯಾರಿಗೂ ಇರಲಿಲ್ಲ. ಯಮನೂರಮ್ಮ ಮಗಳ ಕಾಲು ನೋಡುವಳು, ತನ್ನ ಹೊಟ್ಟೆ ಮುಟ್ಟಿಕೊಳ್ಳುವಳು. ತವರಿಗೆ ಹೋಗಿಬಿಡುತ್ತೇನೆ ಎಂದಳು. ಆ ವರ್ಷ ಮುಕ್ಕುಂದದಲ್ಲಿ ಕಾಲುವೆ ನೀರು ಕುಡಿದು ಮನೆ ಮನೆಗೂ ಕಾಮಾಲೆ ಬಂದಿತ್ತು. ಹೋಗು ಎನ್ನಲೂ ಆಗದೆ ಇರು ಎನ್ನಲೂ ಆಗದೆ ಗಿರಿಯಮ್ಮ ಸೊಸೆ, ಮೊಮ್ಮಗಳು ಇಬ್ಬರನ್ನೂ ಕರೆದುಕೊಂಡು ಲಿಂಗಸುಗೂರಿನ ಒಬ್ಬ ಡಾಕ್ಟರರ ಬಳಿಗೆ ಹೊರಟಳು. ನನಗೆ ಅಂದು ತಾಲೂಕು ಕಚೇರಿಯಲ್ಲಿ ಕೆಲಸವಿತ್ತು. ಅದನ್ನು ಹೇಗೋ ಪತ್ತೆ ಮಾಡಿ ನನ್ನನ್ನೂ ಎಳೆದುಕೊಂಡು ಹೋದಳು.

ಡಾಕ್ಟರು ಹರೆಯದವರು, ಒಳ್ಳೆಯ ಮನುಷ್ಯ. ಮುದುಕಮ್ಮನ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ಕಂಡ ಕೂಡಲೇ ಕುರ್ಚಿ ಮುಂದಕ್ಕೆ ಎಳೆದರು. ಇದು ಗ್ರಹಚಾರವೂ ಅಲ್ಲ, ತಾಯಿಯ ದೋಷವೂ ಅಲ್ಲ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬುದು ಮಿತಿ ಮೀರಿದೆ, ಎಲುಬನ್ನು ಅದು ಕೆಡಿಸುತ್ತದೆ ಎಂದರು. ಒಂದೇ ಊರಲ್ಲಿ ಒಂದು ಬೋರಿಂಗ್‌ನಲ್ಲಿ ಅದು ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಹುಟ್ಟುವ ಕೂಸನ್ನು ಉಳಿಸಿಕೊಳ್ಳುವ ದಾರಿ ಒಂದೇ, ಒಳ್ಳೆಯ ನೀರು ಯಾವುದು ಎಂದು ತಿಳಿದು ಅದನ್ನೇ ಕುಡಿಸುವುದು.

ಯಾವುದು ಎಂದು ಗಿರಿಯಮ್ಮ ಕೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ನಿಮ್ಮ ಕಡೆಯ ಊರುಗಳ ನೀರಿನ ಮೇಲೆ ಒಂದು ಸಂಶೋಧನೆ ಆಗಿದೆ, ಅದು ಪರದೇಶದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ, ಅದರ ಹೆಸರನ್ನಷ್ಟೇ ನಾನು ಲೇಖನಗಳ ಒಂದು ಸೂಚಿಯಲ್ಲಿ ಕಂಡಿದ್ದೇನೆ ಎಂದರು. ಆ ಪತ್ರಿಕೆಗೆ ಚಂದಾ ಕಟ್ಟುವುದು ನನ್ನಂಥವರಿಗೆ ಆಗದ ಮಾತು, ನನಗೆ ಗೊತ್ತಿರುವ ಯಾವ ಗ್ರಂಥಾಲಯಕ್ಕೂ ಅದು ಬರುವುದಿಲ್ಲ ಎಂದೂ ಹೇಳಿದರು.

ಗಿರಿಯಮ್ಮ ಎಲ್ಲವನ್ನೂ ಕೇಳಿ, ಸೆರಗು ಸರಿ ಮಾಡಿಕೊಂಡಳು.

"ನೀರು ನಮ್ಮದು, ಉಚ್ಚಿ ನಮ್ಮ ಹುಡುಗೂರದು. ಅದರ ಹಕೀಕತ್ತು ಕೇಳಾಕ ನಾವು ರೊಕ್ಕ ಕಟ್ಟಬೇಕೇನ್ರಿ?"

ಡಾಕ್ಟರು ನಕ್ಕುಬಿಟ್ಟರು. ಇದೇ ಜಗಳ ನನ್ನದೂ ಇದೆ ಅಮ್ಮಾ ಎಂದರು. ಆಮೇಲೆ ಒಂದು ಉಪಾಯ ಹೇಳಿದರು. ಬರೆದವರ ಹತ್ತಿರ ತಮ್ಮ ಲೇಖನದ ಒಂದಿಷ್ಟು ಪ್ರತಿಗಳು ಇರುತ್ತವೆ. ಒಂದು ಕಾರ್ಡು ಹಾಕಿ ಕೇಳಿದರೆ ಸಾಕು, ಬಹಳ ಮಂದಿ ಬಿಟ್ಟಿಯಾಗಿ ಕಳಿಸಿಕೊಡುತ್ತಾರೆ. ಆಫ್ರಿಕಾದ ಡಾಕ್ಟರು ಚೀನಾದವರನ್ನು ಕೇಳುತ್ತಾರೆ, ಚೀನಾದವರು ನಮ್ಮವರನ್ನು ಕೇಳುತ್ತಾರೆ, ಕಾಸಿಲ್ಲದ ದವಾಖಾನೆಗಳ ವಿದ್ಯೆ ಓಡಾಡುವುದೇ ಹೀಗೆ. ಹೇಳುತ್ತಾ ಹೇಳುತ್ತಾ ಅವರಿಗೂ ಹುಮ್ಮಸ್ಸು ಬಂದು, ಸೂಚಿಯನ್ನು ಹುಡುಕಿ ತೆಗೆದು, ಬರೆದವರ ಹೆಸರು ವಿಳಾಸ ನನ್ನ ಕೈಗೆ ಕೊಟ್ಟರು. ಪೇಟೆಯಲ್ಲಿ ಕಾರ್ಡು ಕೊಂಡು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೇ ಬರೆಯಲು ಕೂತೆವು. ನಾನು ಎಂದಿನ ಅಭ್ಯಾಸದಿಂದ ಪೂಜ್ಯರೇ, ತಮ್ಮ ಪಾದಾರವಿಂದಗಳಿಗೆ ಎಂದು ಶುರು ಮಾಡಿದರೆ ಆಕೆ ನನ್ನ ಕೈ ತಡೆದಳು.

"ಅದೆಲ್ಲ ಬ್ಯಾಡ ಮಾಸ್ತರ. ನಾ ಹೇಳ್ದಂಗ ಬರಿ. ನಮ್ಮೂರ ನೀರು ನೀವು ಒಯ್ದೀರಿ. ಅದರಾಗ ಏನೈತಿ ಹೇಳ್ರಿ. ನನ್ನ ಸೊಸಿ ಬಸುರಿ ಅದಾಳ."

ಅಷ್ಟನ್ನೇ ಇಂಗ್ಲಿಷಿನಲ್ಲಿ ಬರೆದೆ. ಕಾರ್ಡಿನಲ್ಲಿ ಬಹಳ ಜಾಗ ಉಳಿಯಿತು.

ಆಮೇಲಿನ ದಿನಗಳು ಕಾಯುವ ದಿನಗಳು. ನಾನಂತೂ ಸಿನಿಮಾದ ಇಂಟರ್‌ವಲ್ಲಿನಲ್ಲಿ ಕೂತಂತೆ ಕಾದೆ. ಟಪಾಲಿನ ದಸ್ತಗೀರ್‌ಸಾಬ್ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದ. ಗಿರಿಯಮ್ಮ ಸ್ಟಾಪಿನಲ್ಲೇ ಅವನನ್ನು ಹಿಡಿಯುತ್ತಿದ್ದಳು. ಇಲ್ಲ ಎಂದು ತಲೆ ಆಡಿಸಿ ಆಡಿಸಿ ಸಾಕಾಗಿ, ಕೊನೆಗೆ ಅವನು ಬಸ್ಸಿನ ಕಿಟಕಿಯಿಂದಲೇ ಕೈ ಹೊರಗೆ ಹಾಕಿ ಅಲ್ಲಾಡಿಸಲು ಕಲಿತ. ಅತ್ತ ಯಮನೂರಮ್ಮನ ಹೊಟ್ಟೆ ಬೆಳೆಯುತ್ತಿತ್ತು. ಡಾಕ್ಟರು ನಮ್ಮಿಂದ ಎಲ್ಲ ಬೋರಿಂಗ್‌ಗಳ ನೀರು ಬಾಟಲಿಗಳಲ್ಲಿ ತರಿಸಿಕೊಂಡು ಪರೀಕ್ಷೆಗೆ ಕಳಿಸಿದ್ದರು, ಅದರ ಉತ್ತರವೂ ಬರಬೇಕಿತ್ತು. ಕೆಟ್ಟ ನೀರು ಯಾವುದೆಂದು ತಿಳಿಯುವ ತನಕ ಸೊಸೆಗೆ ಒಳ್ಳೆಯದನ್ನೇ ಕುಡಿಸಬೇಕು ಎಂದು ಗಿರಿಯಮ್ಮ ತೀರ್ಮಾನಿಸಿದಳು. ಹತ್ತಿರದ ಬೋರಿಂಗ್ ಒಗೆಯಲಷ್ಟೇ ಇಟ್ಟುಕೊಂಡು, ಉಳಿದ ಎಲ್ಲದಕ್ಕೂ ಕಲ್ಯಾಣಮ್ಮನ ನೀರೇ ತಂದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ಆಕೆ ಹಾಗೆ ಏದುಸಿರು ಬಿಡುತ್ತ ಶಾಲೆಯ ಮುಂದೆ ಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ, ಎಂಥ ಅತ್ತೆ ಎಂದು ಮೆಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಮಗ್ಗಿ ಹೇಳಿಸುತ್ತಿದ್ದೆ. ಗಿರಿಯಮ್ಮ ನೆಟ್ಟಗೆ ತರಗತಿಯ ಒಳಗೇ ಬಂದಳು. ಕೈಯಲ್ಲಿ ಹಳದಿ ಲಕೋಟೆ. ಹಿಂದೆ ದಸ್ತಗೀರ್‌ಸಾಬ್, ಅವನ ಹಿಂದೆ ಸ್ಟಾಪಿನಲ್ಲಿ ಕೂತಿದ್ದವರೆಲ್ಲ. ಮಕ್ಕಳು ಮಗ್ಗಿ ಬಿಟ್ಟು ಎದ್ದು ನಿಂತವು. ಅಲ್ಲೇ ಮೇಜಿನ ಮೇಲೆ ಇಟ್ಟು ಒಡೆದೆ.

ಒಳಗೆ ಪ್ರಕಟವಾದ ಲೇಖನ ಇತ್ತು, ಜೊತೆಗೊಂದು ಪತ್ರ. ಪತ್ರ ಸಣ್ಣದು. ಬರೆದವರು ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು, ಊರಿಗೆ ಬಂದು ನೀರು ತುಂಬಿದವರು ಬೇರೆಯವರು, ಅವರು ಕೆಲಸ ಬಿಟ್ಟು ಪರದೇಶಕ್ಕೆ ಹೋಗಿದ್ದಾರಂತೆ. ಲೇಖನದಲ್ಲಿ ಊರುಗಳ ಹೆಸರು ಹಾಕುವ ಪದ್ಧತಿ ಇಲ್ಲ, ನಿಮ್ಮ ಊರು ಮೂರನೆಯದು ಎಂಬುದಷ್ಟೇ ನನಗೆ ಗೊತ್ತು, ಬೋರಿಂಗ್‌ಗಳಿಗೆ ನಂಬರು ಇವೆ, ಯಾವ ನಂಬರು ಯಾವುದು ಎಂದು ಹೇಳಲಾರೆ, ಕ್ಷಮಿಸಿ ಎಂದಿದ್ದರು. ಕೊನೆಗೆ ಒಂದು ಮಾತು. ಈ ಲೇಖನ ಕೇಳಿ ಟಾಂಜಾನಿಯಾದಿಂದ, ಇಥಿಯೋಪಿಯಾದಿಂದ, ಚೀನಾದಿಂದ ಕಾರ್ಡುಗಳು ಬಂದಿವೆ, ನೀರು ಕೊಟ್ಟ ಊರಿನಿಂದ ಬಂದದ್ದು ನಿಮ್ಮದೇ ಮೊದಲು.

ನಾನು ಆ ಸಾಲನ್ನು ಎರಡು ಸಲ ಓದಿದೆ. ಗಿರಿಯಮ್ಮನಿಗೆ ಟಾಂಜಾನಿಯಾ ಬೇಕಾಗಿರಲಿಲ್ಲ. ಇದನ್ನು ಕಟ್ಟೆಯ ಮೇಲೆ ಓದು, ಎಲ್ಲರೂ ಕೇಳಲಿ ಎಂದಳು.

ಓದಲು ನನಗೆ ಒಂದು ವಾರ ಬೇಕಾಯಿತು. ತಿಳಿಯದ ಶಬ್ದಗಳಿಗೆ ಗೆರೆ ಹಾಕಿಕೊಂಡು ಬಸ್ಸು ಹತ್ತಿ ಲಿಂಗಸುಗೂರಿನ ಡಾಕ್ಟರನ್ನು ಕಾಡಿದೆ. ಅವರು ತಮ್ಮ ಊಟ ಬಿಟ್ಟು ಕೂತು ಒಂದೊಂದನ್ನೂ ಬಿಡಿಸಿ ಹೇಳಿದರು. ನೀರಿನ ಗಡಸುತನ ಎಂದರೆ ಏನು, ಮೆತ್ತನೆಯ ನೀರು ಎಂದರೆ ಏನು, ಎಲ್ಲ. ಒಂದು ಸೋಮವಾರ ಇಳಿಹೊತ್ತಿಗೆ ಊರಬಾಗಿಲ ಅಗಸಿಯ ಮುಂದಿನ ಕಟ್ಟೆಯ ಸುತ್ತ ಊರು ನೆರೆಯಿತು. ಅಮರಗುಂಡಪ್ಪ ತನ್ನ ಅಂಗಡಿಯ ಕುರ್ಚಿ ತರಿಸಿ ಮುಂದೆ ಕೂತಿದ್ದ. ಕೆಳಗಿನ ಓಣಿಯವರು ಎಂದಿನಂತೆ ಬೇವಿನ ಗಿಡದ ಆಚೆ ನಿಂತಿದ್ದರು. ಅವರಲ್ಲಿ ಲಾಲ್‌ಬೀ ಇದ್ದಳು, ತೊಗರಿ ಕೊಯ್ಲಿಗೆ ಗಿರಿಯಮ್ಮನ ಜೊತೆಯವಳು.

ರೋಗದ ಲಕ್ಷಣದಿಂದ ಶುರು ಮಾಡಿದೆ. ಹಲ್ಲಿನ ಕಂದು ಗೆರೆ, ಮಕ್ಕಳ ಕಾಲು, ದೊಡ್ಡವರ ಬೆನ್ನು. ಈ ರೋಗ ಇದ್ದವರಿಗೆ ಬರಬರುತ್ತ ಕುತ್ತಿಗೆ ಬಾಗದಂತಾಗಿ, ಗದ್ದವನ್ನು ಎದೆಗೆ ಮುಟ್ಟಿಸಲು ಆಗುವುದಿಲ್ಲ ಎಂದು ಓದಿದೆನೋ ಇಲ್ಲವೋ, ಇಡೀ ಕಟ್ಟೆ ತಲೆ ಬಗ್ಗಿಸಿತು. ಅಂಥ ದೃಶ್ಯ ನಾನು ಮತ್ತೆ ಕಾಣಲಿಲ್ಲ. ಮೊದಲು ನಗೆ ಎದ್ದಿತು. ಒಬ್ಬರು ಇನ್ನೊಬ್ಬರ ತಲೆ ಹಿಡಿದು ಒತ್ತಿದರು, ಸೊಸೆಯರು ಅತ್ತೆಯರ ಕುತ್ತಿಗೆ ನೋಡಿದರು. ಆಮೇಲೆ ನಗು ಅಲ್ಲಲ್ಲಿ ನಿಂತಿತು. ಮೇಲಿನ ಓಣಿಯ ಮುದುಕರಲ್ಲಿ ಸುಮಾರು ಮಂದಿಯ ಗದ್ದ ಅರ್ಧಕ್ಕೇ ನಿಂತಿತ್ತು. ಬೇವಿನ ಗಿಡದ ಆಚೆ ಎಲ್ಲರ ಗದ್ದವೂ ಎದೆಗೆ ಮುಟ್ಟಿತ್ತು. ಇದನ್ನು ಆಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಮರಗುಂಡಪ್ಪ ಮಾತ್ರ ತಲೆ ಬಗ್ಗಿಸುವ ಗೊಡವೆಗೇ ಹೋಗದೆ ನೆಟ್ಟಗೆ ಕೂತಿದ್ದ.

ಮುಂದೆ ಮೂರನೆಯ ಊರಿನ ಕೋಷ್ಟಕಕ್ಕೆ ಬಂದೆ. ನಂಬರುಗಳನ್ನು ಹೇಳುತ್ತಲೇ ಗದ್ದಲ. ಜೀಪು ಮೊದಲು ನಿಂತದ್ದು ಶಾಲೆಯ ಬೋರಿಂಗ್ ಹತ್ತಿರ ಎಂದು ಒಬ್ಬ, ಅಲ್ಲ ಹನುಮಪ್ಪನ ಗುಡಿಯ ಹತ್ತಿರ ಎಂದು ಇನ್ನೊಬ್ಬ. ಪ್ರತಿಯೊಬ್ಬನೂ ತನ್ನ ಓಣಿಯ ಬೋರಿಂಗ್ ಬಿಟ್ಟು ಉಳಿದದ್ದರ ಮೇಲೆ ತಪ್ಪು ಹೊರಿಸುತ್ತಿದ್ದ. ಕೈ ಕೈ ಮಿಲಾಯಿಸುವುದೊಂದು ಬಾಕಿ. ಈ ಗಲಾಟೆಯಲ್ಲಿ ಗಿರಿಯಮ್ಮ ಕಟ್ಟೆ ಹತ್ತಿ ನನ್ನ ಪಕ್ಕ ಬಂದು ನಿಂತಳು. ಈ ಚೌಕಟ್ಟಿನಲ್ಲಿ ಮತ್ತೇನು ಬರೆದಿದೆ ಎಂದು ಕೇಳಿದಳು. ನೀರಿನ ಗಡಸುತನ ಬರೆದಿದೆ ಎಂದೆ, ಅಂದರೆ ಏನು ಎಂದಳು. ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ. ಮೆತ್ತನೆಯ ನೀರಿನಲ್ಲಿ ಎರಡೂ ಚೆನ್ನಾಗಿ ಆಗುತ್ತವೆ.

ಗಿರಿಯಮ್ಮನ ಮುಖ ನೋಡಿದೆ. ಏನೋ ಹೊಳೆದಿತ್ತು, ಹೊಳೆದದ್ದು ಆಕೆಗೇ ಬೇಡವಾಗಿತ್ತು.

"ಎಲ್ಲಾದಕ್ಕಿಂತ ಮೆತ್ತನ ನೀರು ಯಾವ ನಂಬರಿಂದು, ಮಾಸ್ತರ?"

ಬೆರಳು ಇಟ್ಟು ಕೆಳಗೆ ಇಳಿಸಿದೆ. ನಾಲ್ಕು ಎಂದೆ.

"ಆ ವಿಷ ಎಲ್ಲಾದಕ್ಕಿಂತ ಜಾಸ್ತಿ ಯಾವುದರಾಗ?"

ಬೆರಳನ್ನು ಪಕ್ಕಕ್ಕೆ ಸರಿಸಿದೆ. ಒಂದು ವಾರದಿಂದ ಆ ಚೌಕಟ್ಟನ್ನು ನೋಡುತ್ತಿದ್ದೆ, ಈ ಎರಡು ಸಾಲುಗಳನ್ನು ಒಟ್ಟಿಗೆ ಹಿಡಿದು ನೋಡಿರಲಿಲ್ಲ. ಅದೇ ನಾಲ್ಕು. ಎಲ್ಲಕ್ಕಿಂತ ಗಡಸು ನೀರಿನ ನಂಬರಿನ ಎದುರು ವಿಷ ಇದೆ ಎನ್ನುವಷ್ಟು ಇರಲೇ ಇಲ್ಲ.

ಊರು ಬಾಯಿ ಮುಚ್ಚಿದ್ದು ಆಗ. ಬೆಂಚಿಗುಡ್ಡದಲ್ಲಿ ಬೇಳೆ ಬೇಯುವ ನೀರು ಯಾವುದು ಎಂದು ಹೇಳಲು ಜೀಪಿನವರು ಬರಬೇಕಾಗಿರಲಿಲ್ಲ. ಕೂಸಿನಿಂದ ಹಿಡಿದು ಮುದುಕರ ತನಕ ಎಲ್ಲರ ಕಣ್ಣೂ ಒಂದೇ ದಿಕ್ಕಿಗೆ ತಿರುಗಿತು. ಯಮನೂರಮ್ಮ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡಳು. ಸಿಕ್ಕಿತು ಎಂಬ ಸಂತೋಷ, ಸಿಕ್ಕಿದ್ದು ಇದೇ ಎಂಬ ಸಂಕಟ, ಎರಡೂ ಒಟ್ಟಿಗೆ ನನ್ನ ಎದೆಗೆ ನುಗ್ಗಿದವು. ಗಿರಿಯಮ್ಮ ದೂರದಿಂದ ಹೊತ್ತು ತಂದು ಕುಡಿಸಿದ ಒಂದೊಂದು ಕೊಡವೂ ನೆನಪಾಯಿತು. ಆಕೆಗೆ ನೆನಪಾಗದೆ ಇದ್ದೀತೇ?

ಅಮರಗುಂಡಪ್ಪ ಎದ್ದು ನಿಂತ. ಮುಖ ಕೆಂಪಾಗಿತ್ತು. ಎಲ್ಲಿಯದೋ ಕಾಗದ ತಂದು ನನ್ನ ತಾಯಿಯ ಹೆಸರಿನ ನೀರನ್ನು ವಿಷ ಎನ್ನುತ್ತೀರಾ, ಇಷ್ಟು ವರ್ಷ ಕುಡಿದು ನಾನು ಸತ್ತಿದ್ದೇನೆಯೇ ಎಂದು ಕೇಳಿದ. ಅವನ ಅಂಗಡಿಯಲ್ಲಿ ಉದ್ರಿ ಇಲ್ಲದ ಮನೆ ಊರಲ್ಲಿ ಇರಲಿಲ್ಲ, ಹಾಗಾಗಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಗಿರಿಯಮ್ಮ ಮೆಲ್ಲಗೆ ಕಟ್ಟೆ ಇಳಿದು ಅವನ ಎದುರಿಗೆ ಹೋಗಿ ನಿಂತಳು. ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಧಣ್ಯಾರ, ಒಂದೀಟು ಗದ್ದ ಎದಿಗೆ ಮುಟ್ಟಸ್ರಿ."

ಅವನು ಆಕೆಯನ್ನು ನೋಡಿದ. ಆಮೇಲೆ, ಊರೆಲ್ಲ ನೋಡುತ್ತಿರುವಾಗ, ತಲೆ ಬಗ್ಗಿಸಲು ಹೋದ. ಕುತ್ತಿಗೆ ಬಾಗಲಿಲ್ಲ. ಮತ್ತೊಮ್ಮೆ ಪ್ರಯತ್ನ ಮಾಡಿದ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕುರ್ಚಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದ.

ಮಾರನೆಯ ದಿನ ಬೆಳಿಗ್ಗೆ, ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ಸರಿಯಾಗಿ, ಗಿರಿಯಮ್ಮ ಖಾಲಿ ಕೊಡ ಸೊಂಟಕ್ಕಿಟ್ಟು ಹೊರಟಳು. ಅಗಸಿ ದಾಟಿ, ಕಟ್ಟೆ ದಾಟಿ, ಬೇವಿನ ಗಿಡ ದಾಟಿ ಕೆಳಗಿನ ಓಣಿಗೆ ಇಳಿದಳು. ಹಿಂದೆ ತುಂಬಿದ ಹೊಟ್ಟೆಯ ಯಮನೂರಮ್ಮ, ಆಕೆಯ ಬೆರಳು ಹಿಡಿದು ಮೊಣಕಾಲು ತಾಗಿಸುತ್ತ ಮುದುಕಮ್ಮ. ಮನೆಗಳ ಮುಂದೆ ಹಲ್ಲುಜ್ಜುತ್ತಿದ್ದ ಕೈಗಳು ನಿಂತವು. ಬೋರಿಂಗ್ ಹತ್ತಿರ ಲಾಲ್‌ಬೀ ಇದ್ದಳು. ತನಗೆ ಕೊಡ ಇಡಲು ಜಾಗ ಕೊಡುತ್ತೀಯಾ ಎಂದು ಗಿರಿಯಮ್ಮ ಕೇಳಿದಳು. ಮೇಲಿನ ಓಣಿಯವರಲ್ಲಿ ಹಾಗೆ ಕೇಳಿದವಳು ಆಕೆಯೇ ಮೊದಲು. ಲಾಲ್‌ಬೀ ತನ್ನ ಅರ್ಧ ತುಂಬಿದ ಕೊಡವನ್ನು ತೆಗೆದು ಬದಿಗಿಟ್ಟು, ತಾನೇ ಹಿಡಿಕೆ ಒತ್ತಿದಳು.

"ಬ್ಯಾಳಿ ಬೇಯಂಗಿಲ್ಲ ನೋಡವ್ವ, ಮೊದಲ ಹೇಳ್ತೀನಿ."

"ಬೇಯದಿದ್ರ ಅಗದು ತಿಂತೀವಿ ಬಿಡು."

ಆ ವಾರ ನಾಲ್ಕು ಮನೆಯವರು ಇಳಿದರು. ಬೈದವರು ಇದ್ದರು, ಮುಖ ತಿರುಗಿಸಿದವರು ಇದ್ದರು. ಗಿರಿಯಮ್ಮನ ಮನೆಗೆ ಬೆಂಕಿ ಕೇಳಲು ಬರುವುದನ್ನು ಕೆಲವರು ಬಿಟ್ಟರು. ಆದರೆ ಸಣ್ಣ ಮಕ್ಕಳಿದ್ದ ಮನೆಗಳು ಒಂದೊಂದಾಗಿ ಕೊಡ ಹಿಡಿದು ಹೊರಟವು. ಸ್ವಲ್ಪ ಕಾಲದಲ್ಲಿ ಡಾಕ್ಟರು ಕಳಿಸಿದ್ದ ಬಾಟಲಿಗಳ ಉತ್ತರವೂ ಬಂತು, ಲೇಖನ ಹೇಳಿದ್ದನ್ನೇ ಹೇಳಿತು.

ಎಲ್ಲರೂ ಅಮರಗುಂಡಪ್ಪನ ಸಿಟ್ಟಿಗೆ ಹೆದರಿದ್ದರು. ಅವನು ಅಂಗಡಿ ತೆರೆಯದೆ ಮನೆಯಲ್ಲೇ ಇದ್ದ. ಒಂದು ದಿನ ನೋಡುತ್ತೇನೆ, ಸಿಂಧನೂರಿನಿಂದ ಬೋರ್ಡು ಬರೆಯುವ ನನ್ನೇಸಾಬ ಬಣ್ಣದ ಡಬ್ಬಿಗಳ ಜೊತೆ ಬಸ್ಸಿನಿಂದ ಇಳಿದ. ಅಮರಗುಂಡಪ್ಪ ನನ್ನನ್ನು ಕರೆಸಿದ. ಅಂಗಡಿಯ ಗೋಡೆ ರಸ್ತೆಗೆ ಮುಖ ಮಾಡಿದೆ, ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ, ಆ ಕಾಗದದಲ್ಲಿ ಇದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳು, ಇವನು ಬರೆಯುತ್ತಾನೆ ಎಂದ. ನಾನು ಸಂಕೋಚದಿಂದ, ಬೋರಿಂಗ್ ಹೆಸರು ಬಿಟ್ಟು ನಂಬರಷ್ಟೇ ಹಾಕೋಣ ಎಂದೆ.

"ಬ್ಯಾಡ್ರಿ ಮಾಸ್ತರ. ನಂಬರ ಹಾಕೇ ಇಷ್ಟು ವರ್ಷ ಹಾಳಾತು. ನಮ್ಮವ್ವನ ಹೆಸರ ಹಾಕ್ರಿ, ಯಾವುದಂತ ಮಂದಿಗೆ ತಿಳೀತೈತಿ."

ಹಾಗೇ ಬರೆಸಿದೆವು. ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ ಕಲ್ಯಾಣಮ್ಮನ ಬೋರಿಂಗ್ ನೀರು ಕುಡಿಯಬಾರದು, ಬಟ್ಟೆ ಒಗೆಯಲು ಮಾತ್ರ ಎಂದು. ಅದರ ಕೆಳಗೆ ಎಲ್ಲ ಬೋರಿಂಗ್‌ಗಳ ಹಕೀಕತ್ತು. ಅದರ ಕೆಳಗೆ ಹಲ್ಲು, ಕಾಲು, ಕುತ್ತಿಗೆಯ ಲಕ್ಷಣ. ಬೇಳೆ ಬಹಳ ಬೇಗ ಬೇಯುವ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿರಿ ಎಂಬುದು ಡಾಕ್ಟರು ತೂಗಿ ನೋಡಿ ಹೇಳಿದ ಸಾಲು. ಎಲ್ಲಕ್ಕೂ ಕೆಳಗೆ ಲೇಖನ ಬರೆದವರ ವಿಳಾಸ, ಕಾರ್ಡು ಹಾಕಿದರೆ ಬಿಟ್ಟಿ ಕಳಿಸುತ್ತಾರೆ ಎಂಬ ಮಾತು. ನನ್ನೇಸಾಬ ತನ್ನ ಖುಷಿಗೆ ಒಂದು ಕೊಡದ ಚಿತ್ರ ಬರೆದು ಅಡ್ಡ ಗೆರೆ ಎಳೆದ.

ಆ ಗೋಡೆ ಮಾಡಿದ ಕೆಲಸ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮಸ್ಕಿಗೆ ಸಂತೆಗೆ ಹೋಗುವವರು ಬಸ್ಸು ಇಳಿದು ಓದಿದರು, ಓದಲು ಬಾರದವರು ಓದಿಸಿಕೊಂಡರು. ಸುತ್ತಲಿನ ಊರಿನ ಹೆಣ್ಣುಮಕ್ಕಳು ತಮ್ಮ ಬೋರಿಂಗ್‌ನ ನೀರನ್ನು ಚೊಂಬಿನಲ್ಲಿ ಹಿಡಿದು ಗಿರಿಯಮ್ಮನ ಒಲೆಗೆ ಬಂದರು. ಆಕೆ ಬೇಳೆ ಹಾಕಿ, ಬೇಗ ಬೆಂದರೆ ಡಾಕ್ಟರ ಕಡೆ ಓಡಿಸುತ್ತಿದ್ದಳು. ನಾವು ಲೇಖನ ಬರೆದವರಿಗೆ ಇನ್ನೊಂದು ಕಾರ್ಡು ಹಾಕಿದೆವು, ಬೇಳೆಯ ಸಂಗತಿ ಬರೆದು. ಈ ಮಾತನ್ನು ಚೀಟಿ ಮಾಡಿ, ಯಾರು ಲೇಖನ ಕೇಳಿದರೂ ಜೊತೆಗಿಟ್ಟು ಕಳಿಸುತ್ತಿದ್ದೇನೆ ಎಂದು ಉತ್ತರ ಬಂತು. ಟಾಂಜಾನಿಯಾಕ್ಕೂ ಹೋಗಿದೆ ಎಂದು ನಾನು ಕುಣಿದಾಡುತ್ತ ಹೇಳಿದರೆ, ಅಲ್ಲಿಯವರೂ ಬೇಳೆ ತಿನ್ನುತ್ತಾರೇನು ಎಂದು ಗಿರಿಯಮ್ಮ ಕೇಳಿದಳು. ಏನೋ ಒಂದು ಕಾಳು ಬೇಯಿಸುತ್ತಾರೆ ಎಂದೆ. ಸರಿ ಎಂದಳು.

ಯಮನೂರಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಜಂಬಮ್ಮ ಎಂದು ಹೆಸರಿಟ್ಟರು. ಅದು ಎದ್ದು ನಿಂತು ಹೆಜ್ಜೆ ಹಾಕತೊಡಗಿದ ಮೇಲೂ ಗಿರಿಯಮ್ಮ ಒಂದು ಮಾತೂ ಆಡದೆ ಮತ್ತೊಂದು ವರ್ಷ ಕಾದಳು. ಆಮೇಲೆ ಒಂದು ದಿನ ಅದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಅಂಗಿ ಮೇಲೆತ್ತಿ, ಹೋಗಿ ಬರುವವರಿಗೆಲ್ಲ ಮೊಣಕಾಲು ತೋರಿಸಿದಳು. ಗೆರೆ ಹೊಡೆದಂಥ ನೆಟ್ಟನೆಯ ಕಾಲುಗಳು. ಜಂಬಮ್ಮ ಕಟ್ಟೆಯಿಂದ ಜಿಗಿದು ಕೋಳಿಯೊಂದನ್ನು ಅಟ್ಟಿಸಿಕೊಂಡು ಓಡಿತು. ನಾನು ಚಪ್ಪಾಳೆ ಹೊಡೆದೆ, ಶಾಲೆಯ ಮಾಸ್ತರ ಎಂಬುದನ್ನು ಮರೆತು.

ಮುದುಕಮ್ಮ ಅಲ್ಲೇ ಇದ್ದಳು. ಆಗ ಆಕೆಗೆ ಓದಲು ಬರುತ್ತಿತ್ತು. ತಂಗಿ ಓಡುವುದನ್ನು ನೋಡುತ್ತ ನಿಂತವಳು ಅಜ್ಜಿಯ ಸೆರಗು ಜಗ್ಗಿದಳು.

"ಆಯಿ, ನನಗ್ಯಾಕ ಆ ನೀರು ಕುಡಿಸಿದಿ?"

ಗಿರಿಯಮ್ಮ, ಜೀವಮಾನವೆಲ್ಲ ಬೇರೆಯವರನ್ನು ಕೇಳಿದವಳು, ಕಟ್ಟೆಯ ಮೇಲೆ ಕೂತು ಹುಡುಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಯಾರೂ ಹೇಳಿದ್ದಿಲ್ಲವ್ವ. ನೀರು ಒಯ್ದವರಿಗೆ ಗೊತ್ತಿತ್ತು, ನಮಗ ಯಾರೂ ಹೇಳಿದ್ದಿಲ್ಲ."

ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂದು ಅಂಗಡಿಯ ಮುಂದೆ ನಿಂತಿತು. ಹುಡುಗಿ ಅಜ್ಜಿಯ ಕೈ ಬಿಡಿಸಿಕೊಂಡು, ಮೊಣಕಾಲು ತಾಗಿಸುತ್ತ, ತನಗೆ ಆಗುವಷ್ಟು ಜೋರಾಗಿ ಅತ್ತ ಹೋದಳು. ಗೋಡೆಯ ಕೆಳಗೆ ನಿಂತು, ಬಸ್ಸಿನ ಕಿಟಕಿಗಳಿಗೆ ಕೇಳಿಸುವ ಹಾಗೆ, ಮೇಲಿನ ಕೆಂಪು ಸಾಲಿನಿಂದ ಓದಲು ಶುರು ಮಾಡಿದಳು. ಡ್ರೈವರು ಇಂಜಿನ್ ಬಂದ್ ಮಾಡಿದ. ಅವಳು ವಿಳಾಸದ ತನಕ ಒಂದಕ್ಷರ ಬಿಡದೆ ಓದಿ ಮುಗಿಸಿದ ಮೇಲೆಯೇ ಬಸ್ಸು ಹೊರಟಿತು.